ಬೆಂಕಿಕಡ್ಡಿಯ ಬೀದಿ: ಪೂರ್ವ ಲಂಡನ್ನಿನಲ್ಲಿ ಒಂದು ಸುತ್ತು

ಲಂಡನ್ನಿಗೆ ಹೋದ ನಮ್ಮವರ ದಿನಚರಿ ಬಹುಮಟ್ಟಿಗೆ ಒಂದೇ ತೆರನಾದದ್ದು. ಅರಮನೆಯ ಮುಂದೆ ಕಾವಲು ಬದಲಾಗುವುದನ್ನು ನೋಡುವುದು, ಪಾರ್ಲಿಮೆಂಟಿನ ಗಡಿಯಾರದ ಗೋಪುರದ ಕೆಳಗೆ ನಿಂತು ಚಿತ್ರ ತೆಗೆಸಿಕೊಳ್ಳುವುದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕಾಲು ಸೋಲುವವರೆಗೆ ಅಲೆಯುವುದು, ಕೊನೆಗೆ ಟವರ್ ಕೋಟೆಯಲ್ಲಿ ಕಿರೀಟಗಳನ್ನು ಕಂಡು ಹಿಂದಿರುಗುವುದು. ಕೋಟೆಯ ಪೂರ್ವದ ಗೋಡೆಯಿಂದಾಚೆಗೆ ಊರೇ ಇಲ್ಲವೇನೋ ಎಂಬಂತೆ ಪ್ರವಾಸಿಗರ ಬಸ್ಸುಗಳು ಅಲ್ಲಿಂದ ತಿರುಗಿಬಿಡುತ್ತವೆ. ಆದರೆ ಅದೇ ಕೋಟೆಯ ಬಳಿ ನೆಲದೊಳಗಿನ ರೈಲನ್ನು ಹತ್ತಿ, ನಕ್ಷೆಯಲ್ಲಿ ಹಸಿರು ಬಣ್ಣದಿಂದ ಗುರುತಿಸಿರುವ ಮಾರ್ಗದಲ್ಲಿ ಪೂರ್ವಕ್ಕೆ ಸಾಗಿದರೆ ವೈಟ್‌ಚಾಪೆಲ್, ಸ್ಟೆಪ್ನಿ ಗ್ರೀನ್, ಮೈಲ್ ಎಂಡ್ ಎಂಬ ನಿಲ್ದಾಣಗಳು ಒಂದರ ಹಿಂದೊಂದು ಬಂದು, ಬೋ ರೋಡ್ ಎಂಬಲ್ಲಿ ಇಳಿಯಬಹುದು. ಇಲ್ಲಿ ಅರಮನೆಯಿಲ್ಲ, ಕಿರೀಟವಿಲ್ಲ. ಯೂರೋಪಿನ ದುಡಿಮೆಗಾರರು ತಮ್ಮ ಹಕ್ಕುಗಳಿಗಾಗಿ ನಾಡಿನ ಜನರ ಮನಸ್ಸನ್ನು ಹೇಗೆ ಗೆದ್ದುಕೊಂಡರು ಎಂಬ ಕಥೆಯ ಕೆಲವು ಮುಖ್ಯ ಅಧ್ಯಾಯಗಳು ಮಾತ್ರ ಇಲ್ಲಿನ ಇಟ್ಟಿಗೆಗಳಲ್ಲಿ ಉಳಿದಿವೆ. ಆ ಕಥೆಯ ನಾಯಕಿಯರಲ್ಲಿ ಒಬ್ಬರ ಹೆಸರು ಕನ್ನಡಿಗರಿಗೆ ಚಿರಪರಿಚಿತವಾದದ್ದು.

ಕೆಂಪು ಇಟ್ಟಿಗೆಯ ಕಾರ್ಖಾನೆ

ಬೋ ರೋಡಿನಿಂದ ಉತ್ತರಕ್ಕೆ ಕವಲೊಡೆಯುವ ಬೀದಿ ಫೇರ್‌ಫೀಲ್ಡ್ ರೋಡ್. ರೈಲುಮಾರ್ಗದ ಸೇತುವೆಯನ್ನು ದಾಟಿದೊಡನೆ ಕೆಂಪು ಇಟ್ಟಿಗೆಯ ಎತ್ತರವಾದ ಕಟ್ಟಡಗಳ ಸಮೂಹವೊಂದು ಕಣ್ಣಿಗೆ ಬೀಳುತ್ತದೆ. ಮೇಲೆ ನೀರಿನ ಗೋಪುರಗಳು. ಕೆಳಗೆ ಬಾಗಿಲು, ಕಾವಲುಗಾರ, ಒಳಗೆ ಹೂದೋಟ. ಏಳುನೂರಕ್ಕೂ ಹೆಚ್ಚು ಮನೆಗಳಿರುವ ಈ ಆವರಣಕ್ಕೆ ಈಗ ಬೋ ಕ್ವಾರ್ಟರ್ ಎಂದು ಹೆಸರು. ನಗರದ ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಕೆಲಸಮಾಡುವ ಅನುಕೂಲಸ್ಥರು ಇಲ್ಲಿ ವಾಸಿಸುತ್ತಾರೆ. 2012ರ ಒಲಿಂಪಿಕ್ ಪಂದ್ಯಾಟಗಳ ಸಮಯದಲ್ಲಿ ಇಲ್ಲಿನ ಗೋಪುರವೊಂದರ ಮೇಲೆ ಸೈನ್ಯದವರು ವಿಮಾನನಾಶಕ ಕ್ಷಿಪಣಿಗಳನ್ನು ಇರಿಸಿದ್ದುಂಟು. ಬೆಂಕಿಗೂ ಈ ಸ್ಥಳಕ್ಕೂ ಇರುವ ನಂಟು ಅಷ್ಟಕ್ಕೆ ಮುಗಿಯುವುದಿಲ್ಲ. 1979ರಲ್ಲಿ ಬಾಗಿಲು ಮುಚ್ಚುವವರೆಗೆ ಇದು ಬ್ರಯಂಟ್ ಅಂಡ್ ಮೇ ಕಂಪೆನಿಯ ಬೆಂಕಿಪೆಟ್ಟಿಗೆಯ ಕಾರ್ಖಾನೆ.

ವಿಲಿಯಂ ಬ್ರಯಂಟ್ ಮತ್ತು ಫ್ರಾನ್ಸಿಸ್ ಮೇ ಇಬ್ಬರೂ ಕ್ವೇಕರ್ ಪಂಥದ ಧರ್ಮಭೀರುಗಳು. ಸ್ವೀಡನ್ನಿನಿಂದ ಬೆಂಕಿಕಡ್ಡಿಗಳನ್ನು ತರಿಸಿ ಮಾರುತ್ತಿದ್ದ ಅವರು 1861ರಲ್ಲಿ ಬೋ ಪ್ರದೇಶದಲ್ಲಿ ತಮ್ಮದೇ ಕಾರ್ಖಾನೆಯನ್ನು ತೆರೆದರು. ಪೆಟ್ಟಿಗೆಯ ಪಕ್ಕಕ್ಕೆ ಕೆಂಪು ರಂಜಕವನ್ನು ಬಳಿದು, ಅದಕ್ಕೆ ಗೀರಿದರೆ ಮಾತ್ರ ಹೊತ್ತಿಕೊಳ್ಳುವ ಅಪಾಯರಹಿತವಾದ ಕಡ್ಡಿಯನ್ನು ಮಾಡುವ ಹಕ್ಕೂ ಅವರ ಕೈಯಲ್ಲಿತ್ತು. ಆದರೆ ಗಿರಾಕಿಗಳು ಬಯಸಿದ್ದು ಮತ್ತೊಂದು ಬಗೆಯ ಕಡ್ಡಿಯನ್ನು. ಗೋಡೆಗೆ, ಕಲ್ಲಿಗೆ, ಬೂಟಿನ ಅಟ್ಟೆಗೆ, ಎಲ್ಲಿ ಗೀರಿದರೂ ಹೊತ್ತುವ ಕಡ್ಡಿ ಅದು; ಬೆಲೆಯೂ ಅಗ್ಗ. ಅದರ ತುದಿಯ ಮದ್ದಿನಲ್ಲಿದ್ದದ್ದು ಬಿಳಿ ರಂಜಕ.

ಬಿಳಿ ರಂಜಕದ ಆವಿ ಮೆಲ್ಲನೆ ಕೊಲ್ಲುವ ವಿಷ. ಹುಳುಕು ಹಲ್ಲಿನ ಸಂದಿನಿಂದ ಅದು ದವಡೆಯ ಮೂಳೆಯನ್ನು ಸೇರುತ್ತದೆ. ಮೊದಲು ಹಲ್ಲುನೋವು, ಆಮೇಲೆ ಊತ, ಕೀವು, ಪಕ್ಕದಲ್ಲಿ ಕುಳಿತವರು ತಾಳಲಾರದಂಥ ದುರ್ಗಂಧ. ಕೊನೆಗೆ ಮೂಳೆಯೇ ಸತ್ತು ತುಂಡುತುಂಡಾಗಿ ಉದುರುತ್ತದೆ. ದವಡೆಯನ್ನು ಕತ್ತರಿಸಿ ತೆಗೆದರೆ ರೋಗಿ ಬದುಕಬಹುದು, ತೆಗೆಯದಿದ್ದರೆ ಸಾವು. ಈ ರೋಗವನ್ನು ವಿಯೆನ್ನಾ ನಗರದ ಲೊರಿನ್ಸರ್ ಎಂಬ ವೈದ್ಯನು 1845ರಷ್ಟು ಹಿಂದೆಯೇ ವಿವರಿಸಿದ್ದನು. ಎಂದರೆ ಬೋ ಪ್ರದೇಶದಲ್ಲಿ ಕಾರ್ಖಾನೆಯ ಅಡಿಗಲ್ಲು ಬೀಳುವ ಮೊದಲೇ ಅದರ ಕಾರಣ ಯೂರೋಪಿಗೆ ತಿಳಿದಿತ್ತು. ಫಿನ್‌ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿದವು. ಬ್ರಿಟನ್ನಿನಲ್ಲಿ ನಿಷೇಧ ಜಾರಿಗೆ ಬಂದದ್ದು 1910ರಲ್ಲಿ. ತಿಳಿವಳಿಕೆಗೂ ಕಾಯಿದೆಗೂ ನಡುವೆ ಅರವತ್ತೈದು ವರ್ಷಗಳ ಅಂತರ! ಆ ಅಂತರವನ್ನು ತುಂಬಿದ ಸಾಹಸವನ್ನು ತಿಳಿಯಬೇಕಾದರೆ 1888ರ ಬೇಸಗೆಗೆ ಹೋಗಬೇಕು.

ಆನಿ ಬೆಸೆಂಟರ ಲೇಖನಿ

ಆ ವರ್ಷದ ಜೂನ್ ತಿಂಗಳಲ್ಲಿ ಲಂಡನ್ನಿನ ಫೇಬಿಯನ್ ಸಂಘದ ಸಭೆಯೊಂದರಲ್ಲಿ ಕ್ಲೆಮೆಂಟಿನಾ ಬ್ಲ್ಯಾಕ್ ಎಂಬಾಕೆ ಹೆಂಗಸರ ಕೂಲಿಯ ವಿಷಯವಾಗಿ ಮಾತನಾಡಿದರು. ಬ್ರಯಂಟ್ ಅಂಡ್ ಮೇ ಕಂಪೆನಿ ಷೇರುದಾರರಿಗೆ ನೂರಕ್ಕೆ 23ರಂತೆ ಲಾಭಾಂಶ ಹಂಚಿದೆ ಎಂಬ ಸಂಗತಿ ಆ ಸಂಜೆ ಹೊರಬಿತ್ತು. ಹಾಗಾದರೆ ಆ ಲಾಭವನ್ನು ದುಡಿದುಕೊಟ್ಟವರ ಪಾಡೇನು? ಸಭೆಯಲ್ಲಿದ್ದ ಆನಿ ಬೆಸೆಂಟರು ಗೆಳೆಯ ಹರ್ಬರ್ಟ್ ಬರೋಸರೊಡನೆ ನೇರವಾಗಿ ಬೋ ಪ್ರದೇಶಕ್ಕೆ ಹೋಗಿ, ಕೆಲಸ ಬಿಟ್ಟು ಹೊರಬರುತ್ತಿದ್ದ ಹುಡುಗಿಯರನ್ನೇ ಕೇಳಿದರು.

ಮುಂದೆ ಅಡೆಯಾರಿನ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾಗಿ ಭಾರತಕ್ಕೆಲ್ಲ ಪರಿಚಿತರಾದ ಬೆಸೆಂಟರು ಇವರೇ. ಬೆಂಗಳೂರಿನ ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಹುಟ್ಟಿದ್ದು ಇವರ ಪ್ರೇರಣೆಯಿಂದ. ಮಂಗಳೂರಿನ ಬೆಸೆಂಟ್ ವಿದ್ಯಾಸಂಸ್ಥೆಗಳು ಇಂದಿಗೂ ಇವರ ಹೆಸರನ್ನು ಹೊತ್ತಿವೆ. ಆದರೆ 1888ರಲ್ಲಿ ಅವರಿನ್ನೂ ಭಾರತವನ್ನು ಕಂಡಿರಲಿಲ್ಲ. ಲಂಡನ್ನಿನಲ್ಲಿ ಅರ್ಧ ಪೆನ್ನಿ ಬೆಲೆಯ ‘ದಿ ಲಿಂಕ್’ ಎಂಬ ಪುಟ್ಟ ವಾರಪತ್ರಿಕೆಯ ಸಂಪಾದಕಿಯಾಗಿದ್ದರು.

ಜೂನ್ 23ರ ಸಂಚಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಲಂಡನ್ನಿನ ನಡುವೆಯೇ ಗುಲಾಮಗಿರಿ ನಡೆದಿದೆ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಒಳಗೆ ಅಲಂಕಾರವಿಲ್ಲ, ಲೆಕ್ಕವೇ ಹೆಚ್ಚು. ಬೇಸಗೆಯಲ್ಲಿ ಬೆಳಗ್ಗೆ ಆರೂವರೆಗೆ ಕೆಲಸದ ಆರಂಭ, ಸಂಜೆ ಆರಕ್ಕೆ ಮುಕ್ತಾಯ. ಹೊತ್ತೆಲ್ಲ ನಿಂತೇ ಇರಬೇಕು. ವಾರದ ಕೂಲಿ ಹುಡುಗಿಯರಿಗೆ ನಾಲ್ಕು ಷಿಲ್ಲಿಂಗಿನಿಂದ, ನುರಿತ ಹೆಂಗಸರಿಗೆ ಎಂಟೊಂಬತ್ತು ಷಿಲ್ಲಿಂಗಿನವರೆಗೆ. ಆ ಕೂಲಿಯಲ್ಲಿಯೂ ಜುಲ್ಮಾನೆ. ಮಾತನಾಡಿದರೆ ಮೂರು ಪೆನ್ನಿ, ಕಾಲು ಕೊಳೆಯಾಗಿದ್ದರೆ ಮೂರು ಪೆನ್ನಿ, ಸುಟ್ಟ ಕಡ್ಡಿ ಮೇಜಿನ ಮೇಲೆ ಉಳಿದರೆ ಒಂದು ಷಿಲ್ಲಿಂಗು. ತಡವಾಗಿ ಬಂದವಳನ್ನು ಅರ್ಧ ದಿವಸ ಹೊರಗೆ ನಿಲ್ಲಿಸಿ ಐದು ಪೆನ್ನಿ ಕಳೆಯುತ್ತಿದ್ದರು. ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಹೊತ್ತು ಹದಿನೈದರ ಹುಡುಗಿಯರ ನೆತ್ತಿ ಬೋಳಾಗಿದೆ ಎಂಬುದನ್ನೂ ಅವರು ಬರೆದರು. ಪೆಟ್ಟಿಗೆ ಅಂಟಿಸುವ ಕೆಲಸವಂತೂ ಮನೆಮನೆಯಲ್ಲಿ ಮಕ್ಕಳುಮರಿಗಳೊಡನೆ ನಡೆಯುತ್ತಿತ್ತು. ಒಂದು ಗ್ರೋಸಿಗೆ, ಅಂದರೆ 144 ಪೆಟ್ಟಿಗೆಗೆ, ಎರಡೂಕಾಲು ಪೆನ್ನಿ. ಅಂಟೂ ದಾರವೂ ಅವರದೇ ಖರ್ಚು.

ಈ ಲೇಖನ ಓದುಗರನ್ನು ಚುಚ್ಚಿದ್ದಕ್ಕೆ ಒಂದು ವಿಶೇಷ ಕಾರಣವಿತ್ತು. ಷೇರುದಾರರ ಪಟ್ಟಿಯಲ್ಲಿ ಹಲವು ಮಂದಿ ಪಾದ್ರಿಗಳಿದ್ದರು. ನಿಮ್ಮ ಮನೆಯ ಮಗಳಿಗೆ ಈ ಗತಿ ಬಂದರೆ ಒಪ್ಪುವಿರಾ ಎಂಬ ಪ್ರಶ್ನೆಯನ್ನು ಬೆಸೆಂಟರು ನೇರವಾಗಿ ಅವರ ಮುಂದಿಟ್ಟರು. ಫೇಬಿಯನ್ ಸಭೆಯಂತೂ ಈ ಕಂಪೆನಿಯ ಕಡ್ಡಿಗಳನ್ನು ಕೊಳ್ಳಬಾರದೆಂದು ಗೊತ್ತುವಳಿಯನ್ನೇ ಮಾಡಿತ್ತು. ಹೀಗೆ ವಿಷಯ ಕಾರ್ಖಾನೆಯ ಗೋಡೆಯನ್ನು ಹಾರಿ, ಪ್ರತಿಯೊಂದು ಮನೆಯ ಒಲೆಯ ಪಕ್ಕದಲ್ಲಿದ್ದ ಬೆಂಕಿಪೆಟ್ಟಿಗೆಯನ್ನು ಸೇರಿತು.

ಹುಡುಗಿಯರ ಮುಷ್ಕರ

ಮುಂದಿನದನ್ನು ಮಾಡಿದವರು ಬೆಸೆಂಟರಲ್ಲ, ಹುಡುಗಿಯರೇ. ಲೇಖನದಲ್ಲಿರುವುದೆಲ್ಲ ಸುಳ್ಳೆಂದು ಬರೆದ ಕಾಗದಕ್ಕೆ ಸಹಿ ಹಾಕಿರೆಂದು ಕಂಪೆನಿಯವರು ಒತ್ತಾಯಿಸಿದರು. ಅವರು ಹಾಕಲಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದುಹಾಕಿದಾಗ, ಜುಲೈ ಮೊದಲ ವಾರದಲ್ಲಿ, ಸುಮಾರು 1,400 ಮಂದಿ ಹೆಂಗಸರೂ ಹುಡುಗಿಯರೂ ಕೆಲಸ ನಿಲ್ಲಿಸಿ ಹೊರಬಂದರು. ಸಂಘವಿಲ್ಲ, ನಿಧಿಯಿಲ್ಲ, ಮುಖಂಡರೆನಿಸಿಕೊಂಡವರಿಲ್ಲ. ಅವರಲ್ಲಿ ಬಹು ಮಂದಿ ಐರಿಷ್ ಮೂಲದ ಬಡ ಕುಟುಂಬದವರು. ಇನ್ನೂರು ಮಂದಿಯಷ್ಟು ನಗರದ ನಡುವೆ ಇದ್ದ ‘ಲಿಂಕ್’ ಕಚೇರಿಗೆ ನಡೆದು ಬಂದಾಗ ಬೆಸೆಂಟರಿಗೇ ಆಶ್ಚರ್ಯವಾಯಿತು. ನೀವು ನಮ್ಮ ಪರವಾಗಿ ಬರೆದಿರಿ, ನಾವು ನಿಮ್ಮನ್ನು ಬಿಟ್ಟುಕೊಡಲಿಲ್ಲ ಎಂಬುದು ಅವರು ತಂದ ಸಂದೇಶ.

ಹೊರಗಿನ ಚಳವಳಿಗಾರರು ಮುಗ್ಧ ಹುಡುಗಿಯರ ತಲೆ ಕೆಡಿಸಿದರೆಂದು ‘ದಿ ಟೈಮ್ಸ್’ ಪತ್ರಿಕೆ ಬರೆಯಿತು. ಬೆಸೆಂಟರೊಬ್ಬರೇ ಎಲ್ಲವನ್ನೂ ಮಾಡಿದರೆಂಬ ಕಥೆಯೂ ಬಹುಕಾಲ ನಡೆಯಿತು. ಆದರೆ ಲೂಯಿಸ್ ರಾ ಎಂಬ ಇತಿಹಾಸಕಾರ್ತಿ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮುಷ್ಕರದ ನಿರ್ಧಾರವೂ ನಡೆವಳಿಕೆಯೂ ಆ ಹೆಂಗಸರದೇ ಎಂದು ಸಾಧಾರವಾಗಿ ತೋರಿಸಿದ್ದಾರೆ. ಮುಷ್ಕರ ಸಮಿತಿಯಲ್ಲಿದ್ದ ಸಾರಾ ಚಾಪ್‌ಮನ್ ಮುಂತಾದವರ ಹೆಸರುಗಳು ಈಗೀಗ ಬೆಳಕಿಗೆ ಬರುತ್ತಿವೆ.

ಅವರು ಪಾರ್ಲಿಮೆಂಟಿಗೆ ನಿಯೋಗ ಹೋದರು. ಸದಸ್ಯರೆದುರು ತಮ್ಮ ಕಥೆಯನ್ನು ತಾವೇ ಹೇಳಿದರು. ಪತ್ರಿಕೆಗಳ ಮೂಲಕ ಚಂದಾಹಣ ಹರಿದುಬಂತು. ಮಧ್ಯಮ ವರ್ಗದ ಗೃಹಿಣಿಯರೂ, ಗುಮಾಸ್ತರೂ ಕೊಟ್ಟರು. ಲಂಡನ್ನಿನ ಕಾರ್ಮಿಕ ಸಂಘಗಳ ಮಂಡಲಿ ಸಂಧಾನಕ್ಕೆ ನಿಂತಿತು. ಎರಡೇ ವಾರಗಳಲ್ಲಿ ಕಂಪೆನಿ ಮಣಿಯಿತು. ಜುಲ್ಮಾನೆಗಳು ರದ್ದಾದವು; ಬಣ್ಣ, ಕುಂಚಗಳಿಗೆಂದು ಕೂಲಿಯಲ್ಲಿ ಹಿಡಿಯುತ್ತಿದ್ದ ಹಣ ನಿಂತಿತು; ದೂರುಗಳನ್ನು ಮೇಸ್ತ್ರಿಯ ಮೂಲಕವಲ್ಲದೆ ನೇರವಾಗಿ ಮುಖ್ಯಾಧಿಕಾರಿಗೆ ಹೇಳಿಕೊಳ್ಳಲು ಅವಕಾಶವಾಯಿತು. ಎಲ್ಲಕ್ಕಿಂತ ಸಣ್ಣದಾಗಿ ಕಾಣುವ ಷರತ್ತೊಂದಿತ್ತು: ಬೆಳಗಿನ ಉಪಾಹಾರಕ್ಕೆ ಬೇರೆ ಕೋಣೆ. ಅದುವರೆಗೆ ಮದ್ದಿನ ಮೇಜಿನ ಬಳಿಯೇ ರೊಟ್ಟಿಯ ತುಂಡನ್ನು ತಿನ್ನಬೇಕಾಗಿತ್ತು. ರಂಜಕವೂ ತುತ್ತಿನೊಡನೆ ಹೊಟ್ಟೆಗಿಳಿಯುತ್ತಿತ್ತು. ಆ ಕೋಣೆ ಎಷ್ಟು ದವಡೆಗಳನ್ನು ಉಳಿಸಿತೋ ಬಲ್ಲವರಾರು!

ಕೆಂಪು ಕೈಗಳ ಪ್ರತಿಮೆ

ಬೋ ರೋಡಿಗೆ ಮರಳಿದರೆ, ರಸ್ತೆಯನ್ನು ಎರಡಾಗಿ ಸೀಳಿ ನಿಂತ ಹಳೆಯ ಚರ್ಚಿನ ಮುಂದೆ ಪ್ರಧಾನಿ ಗ್ಲಾಡ್‌ಸ್ಟನ್ನರ ಕಂಚಿನ ಪ್ರತಿಮೆಯಿದೆ. ಒಂದು ಕೈ ಮುಂದೆ ಚಾಚಿದೆ. ಆ ಕೈಗಳಿಗೆ ಯಾರೋ ಕೆಂಪು ಬಣ್ಣ ಬಳಿದಿರುವುದನ್ನು ಕಂಡು ಹೊಸಬರು ಪೋಕರಿಗಳ ಕೆಲಸವೆಂದುಕೊಳ್ಳುತ್ತಾರೆ. ಅದರ ಹಿಂದೆ ಒಂದು ಕಥೆಯಿದೆ. ಕಂಪೆನಿಯ ಥಿಯೋಡೋರ್ ಬ್ರಯಂಟ್ 1882ರಲ್ಲಿ ಈ ಪ್ರತಿಮೆಯನ್ನು ಊರಿಗೆ ಕೊಟ್ಟಾಗ, ಕೂಲಿ ಹೆಂಗಸರ ಸಂಬಳದಿಂದ ಒಂದೊಂದು ಷಿಲ್ಲಿಂಗು ಹಿಡಿದರೆಂದೂ, ಅನಾವರಣದ ದಿನ ರಜೆಯೆಂದು ಹೇಳಿ ಅರ್ಧ ದಿನದ ಕೂಲಿಯನ್ನು ಕಳೆದರೆಂದೂ ಬೆಸೆಂಟರ ಲೇಖನ ತಿಳಿಸುತ್ತದೆ. ಸಿಟ್ಟಿಗೆದ್ದ ಕೆಲವರು ತಮ್ಮ ತೋಳನ್ನು ಗೀರಿಕೊಂಡು ಪ್ರತಿಮೆಯ ಮೇಲೆ ರಕ್ತ ಸುರಿಸಿದರೆಂಬ ವದಂತಿಯನ್ನೂ ಅವರು ದಾಖಲಿಸಿದರು. ಅದು ನಡೆಯಿತೋ ಇಲ್ಲವೋ, ಜನರ ನೆನಪು ಅದನ್ನು ಬಿಟ್ಟುಕೊಟ್ಟಿಲ್ಲ. ಬಣ್ಣ ಅಳಿಸಿದರೆ ಮತ್ತೆ ಯಾರೋ ಬಳಿಯುತ್ತಾರೆ.

ಇದೇ ರಸ್ತೆಯಲ್ಲಿ ಇನ್ನೊಂದು ಸ್ಮಾರಕವೂ ಇತ್ತು. 1871ರಲ್ಲಿ ಸರ್ಕಾರ ಬೆಂಕಿಕಡ್ಡಿಗೆ ತೆರಿಗೆ ಹಾಕಲು ಹೊರಟಾಗ ಇದೇ ಕಾರ್ಖಾನೆಗಳ ಕೆಲಸಗಾರರು ಪಾರ್ಲಿಮೆಂಟಿನತ್ತ ಮೆರವಣಿಗೆ ಹೋದರು. ತೆರಿಗೆ ಬಿದ್ದುಹೋಯಿತು. ಸಂತೋಷಗೊಂಡ ಕಂಪೆನಿ ಕುಡಿಯುವ ನೀರಿನ ಕಾರಂಜಿಯನ್ನು ಕಟ್ಟಿಸಿತು. 1953ರಲ್ಲಿ ಅದನ್ನು ಕೆಡವಿದರು. ಮಾಲೀಕರ ಲಾಭಕ್ಕಾಗಿ ಬೀದಿಗಿಳಿದು ಗೆದ್ದ ಹುಡುಗಿಯರ ಅಕ್ಕತಂಗಿಯರು ಹದಿನೇಳು ವರ್ಷಗಳ ಮೇಲೆ ತಮಗಾಗಿ ಬೀದಿಗಿಳಿದರು. ಮೆರವಣಿಗೆಯ ಪಾಠವನ್ನು ಅವರಿಗೆ ಕಲಿಸಿದ್ದು ಕಂಪೆನಿಯೇ ಎಂದರೆ ತಪ್ಪಾಗಲಾರದು.

ಹಡಗುಕಟ್ಟೆಯ ಆರು ಪೆನ್ನಿ

ದಕ್ಷಿಣಕ್ಕೆ ನಡೆದರೆ ಥೇಮ್ಸ್ ನದಿ, ಹಡಗುಕಟ್ಟೆಗಳು. ಅವೂ ಈಗ ಗಾಜಿನ ಗೋಪುರಗಳಾಗಿವೆ. ಬೆಂಕಿಕಡ್ಡಿಯ ಹುಡುಗಿಯರ ಅಣ್ಣತಮ್ಮಂದಿರೂ ಗಂಡಂದಿರೂ ದುಡಿಯುತ್ತಿದ್ದ ಜಾಗವಿದು. ಬೆಳಗ್ಗೆ ಕಟ್ಟೆಯ ಬಾಗಿಲಲ್ಲಿ ನೂರಾರು ಮಂದಿ ನೂಕಾಡುವರು. ಮೇಸ್ತ್ರಿ ಕೈತೋರಿದವರಿಗೆ ಮಾತ್ರ ಕೆಲಸ, ಅದೂ ಒಂದೆರಡು ಗಂಟೆಗೆ. 1889ರ ಆಗಸ್ಟ್ 14ರಂದು ಅವರು ಮುಷ್ಕರ ಹೂಡಿದರು. ಗಂಟೆಗೆ ಆರು ಪೆನ್ನಿ ಕೊಡಿ, ಕರೆದವರಿಗೆ ನಾಲ್ಕು ಗಂಟೆಯ ಕೆಲಸವಾದರೂ ಕೊಡಿ ಎಂಬುದು ಅವರ ಬೇಡಿಕೆ.

ಮುಂದಾಳುಗಳಾದ ಬೆನ್ ಟಿಲೆಟ್, ಜಾನ್ ಬರ್ನ್ಸ್, ಟಾಮ್ ಮ್ಯಾನ್ ಇವರು ಪ್ರತಿದಿನವೂ ಸಾವಿರಾರು ಜನರನ್ನು ಸಾಲುಸಾಲಾಗಿ ಬ್ಯಾಂಕುಗಳ ಬೀದಿಯಲ್ಲಿ ನಡೆಸಿಕೊಂಡು ಹೋದರು. ಬೊಬ್ಬೆಯಿಲ್ಲ, ಕಲ್ಲೆಸೆತವಿಲ್ಲ. ಕೋಲಿನ ತುದಿಯಲ್ಲಿ ಮೀನಿನ ತಲೆ, ಈರುಳ್ಳಿ: ನಮ್ಮ ಊಟ ಇಷ್ಟೇ ಎಂದು ತೋರಿಸಲು. ಗಲಭೆಯನ್ನು ನಿರೀಕ್ಷಿಸಿ ಅಂಗಡಿ ಮುಚ್ಚಿದ್ದವರು ಮರುವಾರ ಬಾಗಿಲು ತೆರೆದು ಡಬ್ಬಿಗೆ ಕಾಸು ಹಾಕಿದರು. ಆಸ್ಟ್ರೇಲಿಯದ ಕಾರ್ಮಿಕರೂ ನಾಗರಿಕರೂ ಮೂವತ್ತು ಸಾವಿರ ಪೌಂಡಿಗೂ ಹೆಚ್ಚು ಹಣ ಕಳುಹಿಸಿದರು. ಎಂಬತ್ತು ದಾಟಿದ ಕಾರ್ಡಿನಲ್ ಮ್ಯಾನಿಂಗ್ ಸಂಧಾನ ನಡೆಸಿದರು. ಐದು ವಾರಗಳ ಬಳಿಕ ಆರು ಪೆನ್ನಿ ದೊರೆಯಿತು.

ಅದೇ ವರ್ಷ ಚಾರ್ಲ್ಸ್ ಬೂತ್ ಎಂಬ ಹಡಗಿನ ವ್ಯಾಪಾರಿ ತನ್ನ ಸಮೀಕ್ಷೆಯ ಮೊದಲ ಸಂಪುಟವನ್ನು ಹೊರತಂದನು. ಬಡತನದ ವಿಷಯದಲ್ಲಿ ಚಳವಳಿಗಾರರು ಉತ್ಪ್ರೇಕ್ಷೆ ಮಾಡುತ್ತಾರೆಂಬ ಸಂಶಯ ಅವನಿಗೆ ಇತ್ತು. ಬೀದಿಬೀದಿಯನ್ನು ಸೋಸಿ ಲೆಕ್ಕಹಾಕಿದಾಗ ಪೂರ್ವ ಲಂಡನ್ನಿನಲ್ಲಿ ನೂರಕ್ಕೆ 35 ಮಂದಿ ಬಡತನದಲ್ಲಿರುವುದು ಕಂಡುಬಂತು. ಪ್ರತಿಯೊಂದು ಬೀದಿಗೂ ಅವನು ನಕ್ಷೆಯಲ್ಲಿ ಬಣ್ಣ ಕೊಟ್ಟನು: ಸಿರಿವಂತರಿಗೆ ಹಳದಿ, ಕಡುಬಡವರಿಗೆ ಕಪ್ಪು. ಅಂಕಿಗಳನ್ನು ಓದದವರೂ ಆ ನಕ್ಷೆಯನ್ನು ನೋಡಿದರು.

ಸೆರೆಮನೆಯಲ್ಲಿ ಪುರಸಭೆ

ಬೋ ರೋಡಿನ ಕಟ್ಟಡವೊಂದರ ಮೇಲೆ ಗಡಿಯಾರವೊಂದಿದೆ. ಅದು ಮಿನಿ ಲ್ಯಾನ್ಸ್‌ಬರಿಯ ನೆನಪಿಗಾಗಿ ಇಟ್ಟದ್ದು. ಬೋ ಪ್ರದೇಶ ಸೇರಿದ್ದ ಪಾಪ್ಲರ್ ಪುರಸಭೆಯ ಸದಸ್ಯೆ ಈಕೆ. ಮೊದಲನೆಯ ಮಹಾಯುದ್ಧದ ತರುವಾಯ ನಿರುದ್ಯೋಗ ಹೆಚ್ಚಿತು. ಆಗಿನ ಕಟ್ಟಳೆಯಂತೆ ಬಡವರ ನಿರ್ವಾಹದ ಖರ್ಚನ್ನು ಆಯಾ ಪುರಸಭೆಯೇ ಮನೆಗಂದಾಯದಿಂದ ಹೊರಬೇಕು. ಸಿರಿವಂತರ ಬಡಾವಣೆಯಲ್ಲಿ ಬಡವರೇ ಇಲ್ಲ, ಕಂದಾಯ ಹಗುರ; ಬಡವರ ಬಡಾವಣೆಯಲ್ಲಿ ಕಂದಾಯ ಭಾರ, ಕೊಡಲು ಕಾಸಿಲ್ಲ. ಈ ಅನ್ಯಾಯ ಸರಿಹೋಗುವವರೆಗೆ ಲಂಡನ್ನಿನ ಮಹಾಮಂಡಲಿಗೆ ಸೇರಬೇಕಾದ ಪಾಲನ್ನು ವಸೂಲು ಮಾಡುವುದಿಲ್ಲವೆಂದು 1921ರಲ್ಲಿ ಪಾಪ್ಲರ್ ಸದಸ್ಯರು ನಿಶ್ಚಯಿಸಿದರು. ಜಾರ್ಜ್ ಲ್ಯಾನ್ಸ್‌ಬರಿಯವರ ಮುಂದಾಳುತನದಲ್ಲಿ ಮೂವತ್ತು ಮಂದಿ ಸೆರೆಮನೆ ಸೇರಿದರು. ಅವರಲ್ಲಿ ಐವರು ಹೆಂಗಸರು. ಒಬ್ಬಾಕೆ ತುಂಬು ಬಸುರಿ. ಪುರಸಭೆಯ ಅಧಿವೇಶನಗಳು ಬ್ರಿಕ್ಸ್‌ಟನ್ ಸೆರೆಮನೆಯೊಳಗೇ ನಡೆದವು. ಹೆಂಗಸರ ಸೆರೆಮನೆಯಿಂದ ಸದಸ್ಯೆಯರನ್ನು ಗಾಡಿಯಲ್ಲಿ ಕರೆತಂದರು!

ಆರು ವಾರಗಳ ಬಳಿಕ ಸರ್ಕಾರ ಅವರನ್ನು ಬಿಟ್ಟು, ಖರ್ಚನ್ನು ಬಡವ ಬಲ್ಲಿದ ಬಡಾವಣೆಗಳು ಹಂಚಿಕೊಳ್ಳುವಂತೆ ಕಾಯಿದೆ ಮಾಡಿತು. ಮಿನಿಯ ಆರೋಗ್ಯ ಕುಗ್ಗಿತ್ತು. 1922ರ ಜನವರಿ 1ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಗಾಂಧೀಜಿಯ ಮಾಳಿಗೆ

ಇಲ್ಲಿಂದ ಸ್ವಲ್ಪ ದೂರದ ಪೋವಿಸ್ ರೋಡಿನಲ್ಲಿ ಕಿಂಗ್ಸ್‌ಲಿ ಹಾಲ್ ಇದೆ. ಮ್ಯೂರಿಯಲ್ ಮತ್ತು ಡೋರಿಸ್ ಲೆಸ್ಟರ್ ಎಂಬ ಅಕ್ಕತಂಗಿಯರು ದುಡಿಯುವವರ ಮಕ್ಕಳಿಗಾಗಿ, ಅವರ ಓದು ವಿಶ್ರಾಂತಿಗಳಿಗಾಗಿ ಸ್ಥಾಪಿಸಿದ ಸಂಸ್ಥೆ. 1931ರಲ್ಲಿ ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ದೊಡ್ಡ ಹೋಟೆಲುಗಳನ್ನು ಬಿಟ್ಟು, ಸುಮಾರು ಹನ್ನೆರಡು ವಾರ ಇಲ್ಲಿಯ ಮಾಳಿಗೆಯ ಮೇಲಿನ ಪುಟ್ಟ ಕೋಣೆಯಲ್ಲಿ ತಂಗಿದ್ದರು. ಮುಂಜಾನೆ ಕತ್ತಲಿರುವಾಗಲೇ ಈ ಬೀದಿಗಳಲ್ಲಿ ನಡೆಯುವರು. ಮಕ್ಕಳು ಅವರನ್ನು ‘ಅಂಕಲ್ ಗಾಂಧಿ’ ಎಂದು ಕರೆಯುವರು. ಚಾರ್ಲಿ ಚಾಪ್ಲಿನ್ನರು ಅವರನ್ನು ಕಂಡು ಯಂತ್ರಗಳ ವಿಷಯ ಚರ್ಚಿಸಿದ್ದು ಈ ಪೂರ್ವ ಲಂಡನ್ನಿನಲ್ಲಿಯೇ.

ಆ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲ್ಯಾಂಕಷೈರಿನ ಡಾರ್ವೆನ್ ಊರಿಗೂ ಹೋದರು. ಭಾರತದಲ್ಲಿ ನಡೆದ ವಿದೇಶೀ ಬಟ್ಟೆಯ ಬಹಿಷ್ಕಾರದಿಂದ ಅಲ್ಲಿನ ಗಿರಣಿಗಳು ಇನ್ನಷ್ಟು ಸೊರಗಿದ್ದವು. ಕೆಲಸ ಕಳೆದುಕೊಂಡವರು ಕಲ್ಲೆಸೆಯಬಹುದೆಂದು ಹೆದರಿದವರಿದ್ದರು. ಆದರೆ ಗಿರಣಿಯ ಹೆಂಗಸರು ಜಯಕಾರ ಮಾಡಿ ಸ್ವಾಗತಿಸಿದರು. ಒಂದು ದೇಶದ ಬಡವನ ಹಕ್ಕು ಇನ್ನೊಂದು ದೇಶದ ಬಡವನ ಅನ್ನಕ್ಕೆ ಅಡ್ಡವಾಗಿ ನಿಂತಂತೆ ತೋರಿದಾಗ ಏನು ಮಾಡಬೇಕು? ಭಾರತದ ಹಳ್ಳಿಗಳ ನಿರುದ್ಯೋಗವನ್ನು ಗಾಂಧೀಜಿ ಅವರ ಮುಂದೆ ಬಿಚ್ಚಿಟ್ಟರು. ಅವರ ಗಿರಣಿಗಳಿಗೆ ಕೆಲಸ ಮರಳಲಿಲ್ಲವಾದರೂ, ಅವರು ಸಮಾಧಾನದಿಂದ ಕೇಳಿದರು.

ಐದು ರಾಕ್ಷಸರು

ಹಿಂದಿರುಗುವ ದಾರಿಯಲ್ಲಿ ವೈಟ್‌ಚಾಪೆಲ್ಲಿನ ಟಾಯ್ನ್‌ಬಿ ಹಾಲನ್ನು ನೋಡದಿರಬಾರದು. ವಿದ್ಯಾವಂತ ಯುವಕರು ಬಡವರ ನಡುವೆ ಬಂದು ನೆಲಸಲಿ ಎಂದು ಬಾರ್ನೆಟ್ ದಂಪತಿಗಳು 1884ರಲ್ಲಿ ಸ್ಥಾಪಿಸಿದ ಮನೆ. 1903ರಲ್ಲಿ ಇಲ್ಲಿಗೆ ಬಂದ ವಿಲಿಯಂ ಬೆವರಿಜ್ ನಿರುದ್ಯೋಗವನ್ನು ಕಣ್ಣಾರೆ ಕಂಡರು. ಕೆಲವು ವರ್ಷಗಳ ಮೇಲೆ ಕಾರ್ಯದರ್ಶಿಯಾಗಿದ್ದ ತರುಣ ಕ್ಲೆಮೆಂಟ್ ಆಟ್ಲಿ. ಭಾರತದ ಸ್ವಾತಂತ್ರ್ಯಕ್ಕೆ ಒಪ್ಪಿಗೆಯಿತ್ತ ಪ್ರಧಾನಿಯೇ ಇವರು.

ಇಂಗ್ಲೆಂಡು ಯುದ್ಧದ ನಡುವಿದ್ದಾಗ, 1942ರ ಡಿಸೆಂಬರಿನಲ್ಲಿ, ಬೆವರಿಜ್ ವರದಿ ಹೊರಬಿತ್ತು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಗೆಲ್ಲಬೇಕೆಂದು ಅದರ ಮಾತು. ವಿಮೆಯ ಲೆಕ್ಕಗಳಿಂದ ತುಂಬಿದ ಆ ಸರ್ಕಾರಿ ಕಡತವನ್ನು ಕೊಳ್ಳಲು ಜನ ಸಾಲುಗಟ್ಟಿ ನಿಂತರು. ಸಂಕ್ಷೇಪವೂ ಸೇರಿ ಆರು ಲಕ್ಷಕ್ಕಿಂತ ಹೆಚ್ಚು ಪ್ರತಿಗಳು ಮಾರಾಟವಾದವು. 1945ರ ಚುನಾವಣೆಯಲ್ಲಿ ಆಟ್ಲಿಯವರ ಪಕ್ಷ ಗೆದ್ದಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿ, ಹಣವಿಲ್ಲವೆಂಬ ಕಾರಣಕ್ಕೆ ಯಾರೂ ವೈದ್ಯನ ಬಾಗಿಲಿನಿಂದ ಹಿಂದಿರುಗಬೇಕಾಗಿಲ್ಲವೆಂದಾಯಿತು. ಬೆಂಕಿಕಡ್ಡಿಯ ಹುಡುಗಿಯರು ಹೊರಬಂದ ಜುಲೈ ತಿಂಗಳಿಗೆ ಆಗ ಅರವತ್ತು ವರ್ಷ ತುಂಬಿತ್ತು.

ಒಂದು ಕಡ್ಡಿ, ಹಲವು ದೇಶ

ಬಿಳಿ ರಂಜಕದ ಕಥೆ ಏನಾಯಿತು? ಮುಷ್ಕರ ಜುಲ್ಮಾನೆಗಳನ್ನು ನಿಲ್ಲಿಸಿತೇ ಹೊರತು ವಿಷವನ್ನಲ್ಲ. 1891ರಲ್ಲಿ ಸಾಲ್ವೇಷನ್ ಆರ್ಮಿಯವರು ಸಮೀಪದಲ್ಲಿಯೇ ವಿಷವಿಲ್ಲದ ಕಡ್ಡಿಯ ಕಾರ್ಖಾನೆಯನ್ನು ತೆರೆದು ಹೆಚ್ಚು ಕೂಲಿ ಕೊಟ್ಟರು; ಬೆಲೆ ತುಸು ಹೆಚ್ಚಾದ್ದರಿಂದ ಅದು ಬಹುಕಾಲ ಬಾಳಲಿಲ್ಲ. ಹದಿನೇಳು ರೋಗಿಗಳ ವಿಷಯವನ್ನು ಮರೆಮಾಚಿದ್ದಕ್ಕಾಗಿ 1898ರಲ್ಲಿ ಬ್ರಯಂಟ್ ಅಂಡ್ ಮೇ ಕಂಪೆನಿಗೆ ದಂಡ ಬಿತ್ತು. 1901ರಲ್ಲಿ ಕಂಪೆನಿ ಬಿಳಿ ರಂಜಕವನ್ನು ಕೈಬಿಟ್ಟಿತು.

ಒಂದೇ ದೇಶ ನಿಷೇಧಿಸಿದರೆ ಸಾಲದು. ಪಕ್ಕದ ದೇಶದ ಅಗ್ಗದ ಕಡ್ಡಿ ಗಡಿ ದಾಟಿ ಬರುತ್ತದೆ. ಆದ್ದರಿಂದ ಎಲ್ಲರೂ ಒಟ್ಟಿಗೆ ಹೆಜ್ಜೆಯಿಡಬೇಕೆಂದು 1900ರಲ್ಲಿ ಪ್ಯಾರಿಸಿನಲ್ಲಿ ವಿದ್ವಾಂಸರೂ ಅಧಿಕಾರಿಗಳೂ ಕೂಡಿ ಕಾರ್ಮಿಕ ಶಾಸನಗಳ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. 1906ರಲ್ಲಿ ಸ್ವಿಟ್ಸರ್‌ಲೆಂಡಿನ ಬೆರ್ನ್ ನಗರದಲ್ಲಿ ಬಿಳಿ ರಂಜಕದ ಕಡ್ಡಿಗಳನ್ನು ಮಾಡಕೂಡದು, ಮಾರಕೂಡದು, ತರಿಸಕೂಡದು ಎಂದು ಏಳು ದೇಶಗಳು ಒಪ್ಪಂದ ಮಾಡಿಕೊಂಡವು. ಬ್ರಿಟನ್ 1908ರಲ್ಲಿ ಕಾಯಿದೆ ಮಾಡಿತು. ಭಾರತದಲ್ಲಿ ಆ ಕಾಯಿದೆ 1913ರಲ್ಲಿ ಬಂದಿತು. ಆ ಕೆಲಸವನ್ನು ಮುಂದುವರಿಸಲು 1919ರಲ್ಲಿ ಹುಟ್ಟಿದ್ದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಭಾರತವೂ ಅದರ ಮೊದಲ ಸದಸ್ಯರಲ್ಲಿ ಒಂದು. ದಿನಕ್ಕೆ ಎಂಟು ಗಂಟೆಯ ದುಡಿಮೆ ಅದರ ಮೊದಲನೆಯ ಒಡಂಬಡಿಕೆ. ಮುಂದೆ ಯೂರೋಪಿನ ಸಾಮಾಜಿಕ ಸನ್ನದು 1961ರಲ್ಲಿ ಟ್ಯೂರಿನ್ ನಗರದಲ್ಲಿಯೂ, ಯೂರೋಪಿಯನ್ ಒಕ್ಕೂಟದ ಇಪ್ಪತ್ತು ಸಾಮಾಜಿಕ ತತ್ತ್ವಗಳು 2017ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿಯೂ ಘೋಷಿತವಾದವು. 2020ರಲ್ಲಿ ಬ್ರಿಟನ್ ಆ ಒಕ್ಕೂಟದಿಂದ ಹೊರಬಿದ್ದಿತು.

ಇಂದು ಬೋ ರೋಡಿನಲ್ಲಿ ಸೈಕಲ್ಲುಗಳ ಮೇಲೆ ಊಟದ ಪೆಟ್ಟಿಗೆಗಳನ್ನು ಹೊತ್ತು ತರುಣರು ಧಾವಿಸುತ್ತಾರೆ. ಅವರ ಮೇಸ್ತ್ರಿ ಒಬ್ಬ ಮನುಷ್ಯನಲ್ಲ, ಕೈಯಲ್ಲಿರುವ ಫೋನು. ಟ್ಯಾಕ್ಸಿ ಓಡಿಸುವವರೂ ಕಾರ್ಮಿಕರೇ ಎಂದು ಊಬರ್ ಕಂಪೆನಿಯ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿತು. ಇಂಥ ಕೆಲಸಗಾರರಿಗಾಗಿ ಯೂರೋಪಿಯನ್ ಒಕ್ಕೂಟ 2024ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ ಶಾಸನ ಮಾಡಿವೆ. ಬೋ ಪ್ರದೇಶವಿರುವ ಟವರ್ ಹ್ಯಾಮ್ಲೆಟ್ಸ್ ಬಡಾವಣೆಯಲ್ಲಿ ಗಾಜಿನ ಗೋಪುರಗಳ ನೆರಳಿನಲ್ಲಿಯೇ ಮಕ್ಕಳ ಬಡತನ ಇಂಗ್ಲೆಂಡಿನಲ್ಲಿ ಅತ್ಯಧಿಕವಾಗಿರುವ ಕಡೆಗಳಲ್ಲೊಂದಾಗಿ ಉಳಿದಿದೆ. ಬೂತನ ನಕ್ಷೆಯ ಕಪ್ಪು ಬಣ್ಣ ಪೂರ್ತಿಯಾಗಿ ಮಾಸಿಲ್ಲ.

ಫೇರ್‌ಫೀಲ್ಡ್ ರೋಡಿನ ಕಾರ್ಖಾನೆಯ ಗೋಡೆಯ ಮೇಲೆ ಬಹುಕಾಲ ಆನಿ ಬೆಸೆಂಟರ ಹೆಸರಿನ ಫಲಕ ಮಾತ್ರ ಇತ್ತು. 2022ರಲ್ಲಿ ಮುಷ್ಕರದ ನೆನಪಿಗಾಗಿ ನೀಲಿ ಬಣ್ಣದ ದುಂಡು ಫಲಕವನ್ನು ಹಾಕಿದ್ದಾರೆ. ಒಬ್ಬ ಲೇಖಕಿ, ಸಾವಿರದ ನಾಲ್ಕುನೂರು ಮಂದಿ ಕೂಲಿ ಹೆಂಗಸರು, ಚಂದಾ ಕಳುಹಿಸಿದ ಹೆಸರಿಲ್ಲದ ಓದುಗರು, ಈ ಮೂವರೂ ಕೂಡಿದ್ದರಿಂದ ಆ ಬೇಸಗೆಯ ಗೆಲುವು ಸಾಧ್ಯವಾಯಿತು. ಮೊದಲಿನ ಇಬ್ಬರಿಗೆ ಫಲಕಗಳಾದವು. ಮೂರನೆಯವರಿಗೆ ಫಲಕವಿಲ್ಲ, ಅವರು ಪತ್ರಿಕೆಯನ್ನು ಓದಿ ಮಡಿಸಿಟ್ಟು, ಅಡಿಗೆಮನೆಯ ಬೆಂಕಿಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ಇದನ್ನು ಮಾಡಿದವರು ಯಾರು ಎಂದು ಒಂದು ಕ್ಷಣ ಯೋಚಿಸಿದ ಸಾಮಾನ್ಯ ಗೃಹಸ್ಥರು.